ಎಂಬತ್ತು ಸಾವಿರ ಅರ್ಜಿ ಮುಗಿದಿವೆ, ಅಜ್ಜಿಯ ಅರ್ಜಿ ಯಾಕೆ ಮುಗಿದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿದ್ದಾಳೆ. ಅವಳು ಬಾಡಿಗೆಗಿರುವ ಮನೆಯ ಯಜಮಾನಿ ತಮಿಳು ಮೂಲದ ಒಬ್ಬ ಅಜ್ಜಿ. ಅವರ ತಂದೆಗೆ ಕೇಟೋ ಮ್ಯಾನರ್ ಅನ್ನುವ ಕಡೆ ಸ್ವಂತ ಮನೆ, ತರಕಾರಿ ತೋಟ ಇತ್ತಂತೆ. 1960ರ ದಶಕದಲ್ಲಿ ಸರ್ಕಾರ ಅಲ್ಲಿಂದ ಎಬ್ಬಿಸಿ ಚಾಟ್ಸ್‌ವರ್ತ್‌ಗೆ ಕಳಿಸಿತಂತೆ. ಆ ನೆಲ ವಾಪಸ್ ಕೊಡಿ ಅಂತ 2015ರಲ್ಲಿ ಅರ್ಜಿ ಹಾಕಿದ್ದಾರೆ, ಇವತ್ತಿಗೂ ಉತ್ತರ ಬಂದಿಲ್ಲ. ಆದರೆ ಸರ್ಕಾರ ಮಾತ್ರ 80 ಸಾವಿರಕ್ಕೂ ಹೆಚ್ಚು ಅರ್ಜಿ ಇತ್ಯರ್ಥ ಮಾಡಿದ್ದೇವೆ ಅನ್ನುತ್ತದೆ. ಇನ್ನೊಂದು ಕಡೆ, 'ಅಲ್ಲಿ ಬಿಳಿಯರ ಜಮೀನನ್ನೆಲ್ಲ ಪುಕ್ಕಟೆ ಕಿತ್ತುಕೊಳ್ಳುತ್ತಿದ್ದಾರೆ' ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಯಾವುದು ನಿಜ? ಇದು ಪರಿಶಿಷ್ಟರ ಮಂಜೂರಾತಿ ಜಮೀನು ಬಿಡಿಸಿಕೊಡುವ ನಮ್ಮ ಪಿಟಿಸಿಎಲ್ ಕಾಯ್ದೆ ತರಹದ್ದೇನಾ? ಅಜ್ಜಿಗೆ ಏನಾದರೂ ಸಿಗುತ್ತದಾ? – ಓದುಗರು, ಶಿವಮೊಗ್ಗ

ಉತ್ತರ: ಅಜ್ಜಿಯ ಅರ್ಜಿ ಯಾಕೆ ನಿಂತಿದೆ ಅನ್ನುವುದಕ್ಕೆ ನೀವು ಬರೆದ ವರ್ಷವೇ ಸಾಕು. 1998ರ ಡಿಸೆಂಬರ್ 31ರೊಳಗೆ ಹಾಕಿದ ಅರ್ಜಿಗಳದ್ದು ಒಂದು ಸಾಲು. 2014ರ ಜುಲೈ 1ರಿಂದ 2016ರ ಜುಲೈ 28ರವರೆಗೆ ಹಾಕಿದ್ದು ಬೇರೆ ಸಾಲು. ಮೊದಲ ಸಾಲು ಮುಗಿಯುವ ತನಕ ಎರಡನೇ ಸಾಲನ್ನು ಮುಟ್ಟಬೇಡಿ ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಹೇಳಿದೆ. ಅಜ್ಜಿಯದು ಎರಡನೇ ಸಾಲು. ಅರ್ಜಿ ಕಳೆದುಹೋಗಿಲ್ಲ, ತಿರಸ್ಕಾರವೂ ಆಗಿಲ್ಲ. ಸುಮ್ನೆ ಕಪಾಟಿನಲ್ಲಿದೆ.

ಹಾಗಾದರೆ ಮೊದಲ ಸಾಲು ಮುಗಿಯೋಕೆ ಇಷ್ಟು ವರ್ಷ ಯಾಕೆ? ನಿಮ್ಮ ಎಲ್ಲ ಪ್ರಶ್ನೆಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1913ರ ಜೂನ್ 19ರಂದು ದಕ್ಷಿಣ ಆಫ್ರಿಕಾದಲ್ಲಿ ಒಂದು ಭೂ ಕಾಯ್ದೆ ಬಂತು. ದೇಶದ ಸುಮಾರು ಶೇ 7ರಷ್ಟು ನೆಲವನ್ನು ಕರಿಯ ಜನರಿಗೆ ಗೆರೆ ಎಳೆದು ಬಿಟ್ಟು, ಅದರಾಚೆ ಅವರು ಭೂಮಿ ಕೊಳ್ಳುವ ಹಾಗಿಲ್ಲ, ಗೇಣಿಗೆ ಹಿಡಿಯುವ ಹಾಗಿಲ್ಲ ಅಂತ ಮಾಡಿದರು. 1936ರಲ್ಲಿ ಅದನ್ನು ಶೇ 13ಕ್ಕೆ ಏರಿಸುವ ಕಾನೂನು ಬಂತು. ಜನಸಂಖ್ಯೆಯಲ್ಲಿ ಅವರೇ ಬಹುಪಾಲು ಅನ್ನುವುದನ್ನು ನೆನಪಿಟ್ಟುಕೊಂಡು ಈ ಅಂಕಿ ನೋಡಿ. ಆಮೇಲೆ 1950ರಲ್ಲಿ ಬಂದದ್ದು ಗ್ರೂಪ್ ಏರಿಯಾಸ್ ಕಾಯ್ದೆ. ಇದು ಊರು, ನಗರಗಳನ್ನು ಬಣ್ಣದ ಪ್ರಕಾರ ಹಂಚಿತು. ಈ ಬೀದಿ ಬಿಳಿಯರದ್ದು, ಆ ಬಡಾವಣೆ ಭಾರತೀಯರದ್ದು, ಇನ್ನೊಂದು 'ಕಲರ್ಡ್' ಅಂದರೆ ಮಿಶ್ರ ಮೂಲದ ಜನರದ್ದು. ನಿಮ್ಮ ಬಣ್ಣಕ್ಕೆ ಹೊಂದದ ಜಾಗದಲ್ಲಿ ಮನೆ ಇದ್ದರೆ ಖಾಲಿ ಮಾಡಬೇಕು, ಅಷ್ಟೇ. 1960ರಿಂದ 1983ರವರೆಗೆ ಇಂಥ ಎಲ್ಲ ಕಾನೂನುಗಳಿಂದ ಎತ್ತಂಗಡಿಯಾದವರು ಒಟ್ಟು ಸುಮಾರು 35 ಲಕ್ಷ ಜನ ಅನ್ನುವ ಅಂದಾಜನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ.

ಕೇಟೋ ಮ್ಯಾನರ್ ಅದಕ್ಕೆ ಒಳ್ಳೆ ಉದಾಹರಣೆ. ಕಬ್ಬಿನ ತೋಟದ ಕೂಲಿ ಕರಾರು ಮುಗಿಸಿದ ಭಾರತೀಯರು ಅಲ್ಲಿ ನೆಲ ಹಿಡಿದು ತರಕಾರಿ, ಹಣ್ಣು ಬೆಳೆದು ಡರ್ಬನ್ ಪೇಟೆಗೆ ತರುತ್ತಿದ್ದರು. ಆಮೇಲೆ ಆಫ್ರಿಕನ್ನರೂ ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು. 1958ರಲ್ಲಿ ಸರ್ಕಾರ ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿತು. ಭಾರತೀಯರನ್ನು ಹೆಚ್ಚಾಗಿ ಚಾಟ್ಸ್‌ವರ್ತ್‌ಗೆ, ಆಫ್ರಿಕನ್ನರನ್ನು ಕ್ವಾಮಾಶು ಕಡೆಗೆ ಸಾಗಿಸಿದರು. ಸಿಟ್ಟು ಬರುವ ಸಂಗತಿ ಇದು: ಅಷ್ಟೆಲ್ಲ ಮಾಡಿ ಖಾಲಿ ಮಾಡಿಸಿದ ನೆಲದ ಬಹುಭಾಗ ದಶಕಗಟ್ಟಲೆ ಪಾಳು ಬಿತ್ತು. ಕೆಲವು ದೇವಸ್ಥಾನಗಳು ಮಾತ್ರ ಉಳಿದವು. ಚಾಟ್ಸ್‌ವರ್ತ್‌ಗೆ ಹೋದವರು ಹಬ್ಬಕ್ಕೆ ಅಲ್ಲಿಗೆ ವಾಪಸ್ ಬರುತ್ತಿದ್ದರು.

1994ರಲ್ಲಿ ಮಂಡೇಲಾ ಸರ್ಕಾರ ಬಂತು. ಅದೇ ವರ್ಷ ಭೂಹಕ್ಕು ಮರಳಿಸುವ ಕಾಯ್ದೆಯೂ ಬಂತು. ಹೊಸ ಸಂಸತ್ತು ಮಾಡಿದ ಮೊದಮೊದಲ ದೊಡ್ಡ ಕಾನೂನುಗಳಲ್ಲಿ ಅದೂ ಒಂದು. 1913ರ ಜೂನ್ 19ರ ನಂತರ ಜನಾಂಗಭೇದದ ಕಾನೂನಿನಿಂದ ಅಥವಾ ಅಂಥ ನಡವಳಿಕೆಯಿಂದ ನೆಲ ಕಳೆದುಕೊಂಡ ವ್ಯಕ್ತಿ, ಅವರ ನೇರ ವಂಶಸ್ಥರು, ಅಥವಾ ಒಂದಿಡೀ ಸಮುದಾಯ ಅರ್ಜಿ ಹಾಕಬಹುದು. ಅದೇ ನೆಲ ಸಿಗಬಹುದು, ಬದಲಿ ನೆಲ ಸಿಗಬಹುದು, ಇಲ್ಲವೇ ಹಣ. 1913ಕ್ಕಿಂತ ಮುಂಚೆ ಕಳೆದುಕೊಂಡವರಿಗೆ ಈ ಬಾಗಿಲು ಇಲ್ಲ. ಹಾಗಾಗಿ ಎಲ್ಲರಿಗಿಂತ ಮೊದಲು ನೆಲ ಕಳೆದುಕೊಂಡ ಮೂಲನಿವಾಸಿ ಖೋಯ್ ಮತ್ತು ಸಾನ್ ಜನರಲ್ಲಿ ಹೆಚ್ಚಿನವರು ಹೊರಗೇ ಉಳಿದರು.

ಇನ್ನು ನಿಮ್ಮ ಪಿಟಿಸಿಎಲ್ ಪ್ರಶ್ನೆ. ಉದ್ದೇಶದಲ್ಲಿ ನೆಂಟಸ್ತಿಕೆ ಇದೆ, ಕೆಲಸ ಮಾಡುವ ರೀತಿ ಬೇರೆ. ನಮ್ಮ 1978ರ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಮಾತ್ರ. ಷರತ್ತು ಮೀರಿ ಅಥವಾ ಅನುಮತಿ ಇಲ್ಲದೆ ಮಾರಾಟವಾಗಿದ್ದರೆ ಆ ಮಾರಾಟವೇ ರದ್ದು. ಎಸಿ ಸಾಹೇಬರು ಆದೇಶ ಮಾಡಿ ಜಮೀನನ್ನು ಮಂಜೂರಿದಾರರಿಗೆ ಬಿಡಿಸಿಕೊಡುತ್ತಾರೆ, ಕೊಂಡವರಿಗೆ ಪರಿಹಾರ ಇಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ತಡವಾಗಿ ಹಾಕಿದ ಅರ್ಜಿಗಳ ಬಗ್ಗೆ 2017ರಲ್ಲಿ ತಕರಾರು ಬಂದ ಮೇಲೆ, ಕಾಲಮಿತಿ ಅನ್ವಯಿಸದು ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ದಕ್ಷಿಣ ಆಫ್ರಿಕಾದಲ್ಲಿ ಹಾಗಲ್ಲ. ಈಗ ನೆಲದ ಮೇಲಿರುವವರಿಗೆ ದುಡ್ಡು ಕೊಟ್ಟು ಸರ್ಕಾರ ಕೊಂಡುಕೊಳ್ಳುತ್ತದೆ, ಆಮೇಲೆ ಅರ್ಜಿದಾರರಿಗೆ ಕೊಡುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸ ಕಾಗದದ್ದು. ನಮ್ಮಲ್ಲಿ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಪಹಣಿ ಅಂತ ಎಲ್ಲೋ ಒಂದು ಎಳೆ ಸಿಗುತ್ತದೆ. ಅಲ್ಲಿ ಹಳ್ಳಿಗಾಡಿನ ಕರಿಯ ಜನರಿಗೆ ಹಕ್ಕುಪತ್ರ ಕೊಡುವುದನ್ನೇ ಕಾನೂನು ತಡೆದಿತ್ತು. ಕಾಗದ ಕೊಡದ ವ್ಯವಸ್ಥೆಯೇ ಈಗ ಅವರ ಹತ್ತಿರ ಪುರಾವೆ ಕೇಳುತ್ತದೆ.

ಈಗ 80 ಸಾವಿರದ ಲೆಕ್ಕಕ್ಕೆ ಬರೋಣ. ಆ ಅಂಕಿ ಸುಳ್ಳಲ್ಲ. 2018ರ ಮಾರ್ಚ್‌ಗೆ ಇತ್ಯರ್ಥವಾದ ಅರ್ಜಿ 80,664 ಅಂತ ಈ ಅರ್ಜಿಗಳನ್ನು ನೋಡಿಕೊಳ್ಳುವ ಅಲ್ಲಿನ ಆಯೋಗ ವರದಿ ಕೊಟ್ಟಿತ್ತು, ಆಮೇಲೂ ಅದು ಏರಿದೆ. ಆದರೆ 1998ರ ಗಡುವಿನೊಳಗೆ ಬಂದ ಅರ್ಜಿ ಎಷ್ಟು ಅಂತ ಕೇಳಿ. ಅಧಿಕೃತ ಲೆಕ್ಕದಲ್ಲಿ 79,696. ಬಂದದ್ದಕ್ಕಿಂತ ಜಾಸ್ತಿ ಮುಗಿದಿದೆ, ಆದರೂ ಆಗ ಸುಮಾರು 7,000 ಬಾಕಿ ಇದ್ದವು! ಇದು ಮೋಸವಲ್ಲ. ಒಂದೇ ಅರ್ಜಿಯ ಹಿಂದೆ ಒಂದಿಡೀ ಊರು ಇರುತ್ತದೆ. ಪರಿಶೀಲನೆ ಶುರುವಾದ ಮೇಲೆ ಅದನ್ನು ಹತ್ತಾರು ತುಂಡು ಮಾಡಿ ಒಂದೊಂದನ್ನೇ ಮುಗಿಸುತ್ತಾರೆ. ಪ್ರತಿ ತುಂಡೂ ಒಂದು ಸಂಖ್ಯೆ. ಅಂದರೆ ಮುಗಿದ ಅರ್ಜಿಗಳ ಅಂಕಿಯನ್ನು ಬಂದ ಅರ್ಜಿಗಳ ಅಂಕಿಯಿಂದ ಭಾಗಿಸಿ ಶೇಕಡಾ ತೆಗೆಯೋಕೆ ಹೋದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಪತ್ರಿಕೆಗಳು ಅದನ್ನೇ ಮಾಡುತ್ತವೆ, ಸಚಿವರೂ ಅದನ್ನೇ ಮಾಡುತ್ತಾರೆ.

ಇನ್ನೂ ಒಂದು ಇದೆ. 'ಇತ್ಯರ್ಥ' ಬೇರೆ, 'ಪೂರ್ಣ ಮುಕ್ತಾಯ' ಬೇರೆ ಅಂತ ಆಯೋಗವೇ ಎರಡು ಕಾಲಂ ಇಟ್ಟಿದೆ. ಒಪ್ಪಂದಕ್ಕೆ ಸಚಿವರ ಸಹಿ ಬಿದ್ದರೆ ಇತ್ಯರ್ಥ. ಆದರೆ ನೆಲ ಕೊಳ್ಳಬೇಕು, ಅಳೆಯಬೇಕು, ಹೆಸರಿಗೆ ಮಾಡಬೇಕು, ಹಣ ಫಲಾನುಭವಿಗಳ ಖಾತೆಗೆ ಹೋಗಬೇಕು. ಅದೆಲ್ಲ ಆದ ಮೇಲೆ ಮುಕ್ತಾಯ. ಮಾಜಿ ಅಧ್ಯಕ್ಷ ಕಲೇಮಾ ಮೊಟ್ಲಾಂಟೆ ನೇತೃತ್ವದ ಉನ್ನತ ಸಮಿತಿ 2017ರಲ್ಲಿ ಇದನ್ನು ಬಿಡಿಸಿ ಹೇಳಿತು. ಇತ್ಯರ್ಥವೇ ಆಗದವು 7,000ಕ್ಕೂ ಹೆಚ್ಚು, ಮುಕ್ತಾಯ ಕಾಣದವು 19,000ಕ್ಕೂ ಹೆಚ್ಚು. ವರ್ಷಕ್ಕೆ 560ರ ವೇಗದಲ್ಲಿ ಹೋದರೆ ಹಳೇ ಅರ್ಜಿ ಮುಗಿಯೋಕೇ 35 ವರ್ಷ ಬೇಕು ಅಂತ ಅದು ಲೆಕ್ಕ ಹಾಕಿತು. ಹೊಸ ಸಾಲಿನಲ್ಲಿ ಸರ್ಕಾರ ನಿರೀಕ್ಷಿಸಿದ್ದ 3,97,000 ಅರ್ಜಿಗಳೂ ಬಂದಿದ್ದರೆ? 709 ವರ್ಷ. ಹೌದು, ಸರಿಯಾಗಿಯೇ ಓದಿದಿರಿ.

ಈ ವೇಗ ಯಾವಾಗಲೂ ಹೀಗೇ ಇರಲಿಲ್ಲ. 1999ರ ಮಾರ್ಚ್ ಹೊತ್ತಿಗೆ, ಅಂದರೆ ಕಾಯ್ದೆ ಬಂದು ನಾಲ್ಕು ವರ್ಷ ಕಳೆದ ಮೇಲೆ, ಮುಗಿದಿದ್ದ ಅರ್ಜಿ ಬರೀ 41. ಪ್ರತಿಯೊಂದೂ ಭೂ ನ್ಯಾಯಾಲಯದ ಮೂಲಕವೇ ಹೋಗಬೇಕಿತ್ತು. ಆಮೇಲೆ ನಿಯಮ ಬದಲಾಯಿತು. ಎರಡೂ ಕಡೆ ಒಪ್ಪಿದರೆ ಸಚಿವರೇ ಸಹಿ ಹಾಕಿ ಮುಗಿಸಬಹುದು ಅಂತಾಯಿತು. 2008ರ ಹೊತ್ತಿಗೆ ಸಂಖ್ಯೆ 75 ಸಾವಿರದ ಹತ್ತಿರ ಬಂತು. 41ರಿಂದ 75 ಸಾವಿರ, ಒಂಬತ್ತೇ ವರ್ಷದಲ್ಲಿ! ನಂತರದ ಹತ್ತು ವರ್ಷದಲ್ಲಿ ಸೇರಿದ್ದು ಮಾತ್ರ ಸುಮಾರು ಆರು ಸಾವಿರ. ಆಗಿನ ಅಧ್ಯಕ್ಷ ಥಾಬೋ ಎಂಬೆಕಿ 2005ಕ್ಕೆ ಎಲ್ಲ ಮುಗಿಸುತ್ತೇವೆ ಅಂದಿದ್ದರು, ಅದು 2008ಕ್ಕೆ ಹೋಯಿತು, ಆ ಗಡುವೂ ತಪ್ಪಿತು.

ಏನಾಯಿತು ಹಾಗಾದರೆ? ನನ್ನ ಉತ್ತರ ಇಷ್ಟು: ಹಣ ಕೊಟ್ಟು ಮುಗಿಸಬಹುದಾದ ಕಡೆ ಸರ್ಕಾರ ಓಡಿತು, ನೆಲ ಕೊಡಬೇಕಾದ ಕಡೆ ಕುಂಟಿತು. ಬಂದ ಅರ್ಜಿಗಳಲ್ಲಿ ಸುಮಾರು ಶೇ 80 ನಗರದವು. ಒಂದು ಮನೆ, ಒಂದು ಸೈಟು, ಒಂದು ಕುಟುಂಬ. ದಾಖಲೆ ಸಿಗುತ್ತದೆ, ಯಾಕಂದ್ರೆ ಜನರನ್ನು ಎಬ್ಬಿಸಿದ ಅಧಿಕಾರಿಗಳು ತುಂಬಾ ಅಚ್ಚುಕಟ್ಟಾಗಿ ಫೈಲ್ ಇಟ್ಟಿದ್ದರು. ಅಲ್ಲೀಗ ಮಾಲ್ ಇದೆ, ರಸ್ತೆ ಇದೆ, ಬೇರೆಯವರ ಮನೆ ಇದೆ. ನೆಲ ಕೊಡೋಕಾಗಲ್ಲ, ಇಷ್ಟು ದುಡ್ಡು ತಗೊಳ್ಳಿ ಅಂತ ನಿಗದಿತ ಮೊತ್ತ ಕೊಟ್ಟರು. ಕೇಪ್ ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯಲ್ಲಿ ಬಾಡಿಗೆಗಿದ್ದ ಕುಟುಂಬಗಳಿಗೆ ಸಿಕ್ಕಿದ್ದು 17,500 ರಾಂಡ್ (ರಾಂಡ್ ಅಲ್ಲಿನ ನಾಣ್ಯ). ಮಕ್ಕಳು, ಮೊಮ್ಮಕ್ಕಳು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಫ್ರಿಜ್ಜಿನ ದುಡ್ಡು ಆಗಬಹುದು. ಎಷ್ಟೋ ಜನ ಕಾದು ಕಾದು ಸಾಕಾಗಿ ತಗೊಂಡರು. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಅಷ್ಟೂ ಅರ್ಜಿಗಳು 'ಇತ್ಯರ್ಥ' ಕಾಲಂನಲ್ಲೇ ಕೂತಿವೆ ಅನ್ನುವುದನ್ನು ಮರೆಯಬಾರದು.

ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಹಣ ಬೇಡ, ವಾಪಸ್ ಹೋಗಬೇಕು ಅಂದವರ ಕಥೆಯನ್ನೂ ನೋಡಿ. 1966ರ ಫೆಬ್ರುವರಿ 11ರಂದು ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿ 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಹೋಯಿತು, ಚರ್ಚು ಮಸೀದಿಗಳನ್ನು ಬಿಟ್ಟರು. ಒಂದಷ್ಟು ಜಾಗದಲ್ಲಿ ತಾಂತ್ರಿಕ ಕಾಲೇಜು ಎದ್ದಿತು. ಮಿಕ್ಕಿದ್ದು ನಗರದ ನಡುಮಧ್ಯೆ, ಟೇಬಲ್ ಮೌಂಟನ್ ಬುಡದಲ್ಲಿ, ಹುಲ್ಲು ಬೆಳೆದ ಖಾಲಿ ಇಳಿಜಾರು. ನೆಲ ಖಾಲಿ ಇದೆ, ಅದು ಸರ್ಕಾರದ್ದೇ, ಜಗಳಕ್ಕೆ ಬರುವ ಖಾಸಗಿ ಮಾಲೀಕರಿಲ್ಲ. ಇದಕ್ಕಿಂತ ಸುಲಭದ ಪ್ರಕರಣ ಇರೋಕೆ ಸಾಧ್ಯವಾ? 2004ರ ಫೆಬ್ರುವರಿ 11ರಂದು, ಸರಿಯಾಗಿ 38 ವರ್ಷದ ನಂತರ, ಎಂಬತ್ತು ದಾಟಿದ ಇಬ್ಬರಿಗೆ ಮಂಡೇಲಾ ಕೈಯಿಂದ ಮೊದಲ ಕೀಲಿ ಸಿಕ್ಕಿತು. ಅದಾಗಿ ಸುಮಾರು ಹತ್ತು ವರ್ಷದಲ್ಲಿ ಕಟ್ಟಿದ್ದು 139 ಮನೆ. ಕಾಯುತ್ತಿದ್ದವರು ಕೋರ್ಟಿಗೆ ಹೋದರು. ಮನೆ ಕಟ್ಟುವ ಯೋಜನೆ, ದುಡ್ಡಿನ ಲೆಕ್ಕ, ದಿನಾಂಕ ಎಲ್ಲ ತಂದು ತೋರಿಸಿ ಅಂತ ಭೂ ನ್ಯಾಯಾಲಯ ಸರ್ಕಾರಕ್ಕೆ ಹೇಳಿತು. ಸರ್ಕಾರ ಅದನ್ನೂ ನೆಟ್ಟಗೆ ಮಾಡಲಿಲ್ಲ. ಮುಂದಿನ 108 ಮನೆಗಳ ಕೀಲಿ ಕೈಗೆ ಬರುವಾಗ 2021 ದಾಟಿತ್ತು. ಹಾಗಾಗಿ 'ಬಿಳಿಯ ರೈತರು ಬಿಡುತ್ತಿಲ್ಲ, ಅದಕ್ಕೇ ತಡ' ಅನ್ನುವ ಒಂದೇ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಬಿಳಿಯ ರೈತನೇ ಇರಲಿಲ್ಲ.

ಹಳ್ಳಿಗಾಡಿನ ಅರ್ಜಿಗಳು ನಿಜಕ್ಕೂ ಕಷ್ಟದವು. ಬಾಕಿ ಉಳಿದಿರುವುದರಲ್ಲಿ ಹೆಚ್ಚಿನವು ಅವೇ. ಕ್ವಾಜುಲು-ನಟಾಲ್, ಲಿಂಪೊಪೊ, ಎಂಪುಮಲಂಗಾ ಪ್ರಾಂತ್ಯಗಳಲ್ಲಿ ಅವು ಜಾಸ್ತಿ. ಒಂದು ಅರ್ಜಿಯಲ್ಲಿ 'ಆ ಹೊಳೆಯಿಂದ ಈ ಗುಡ್ಡದವರೆಗೆ ನಮ್ಮದಿತ್ತು' ಅಂತ ಬರೆದಿರುತ್ತದೆ. ಇವತ್ತು ಆ ಹೊಳೆಗೂ ಗುಡ್ಡಕ್ಕೂ ನಡುವೆ ಹತ್ತು ಫಾರ್ಮ್, ಒಂದು ಗಣಿ, ಒಂದು ನೀಲಗಿರಿ ತೋಪು. ಅಧಿಕಾರಿ ಹೋಗಿ ಹಳಬರನ್ನು ಕೂರಿಸಿ ಹೇಳಿಕೆ ತಗೋಬೇಕು. ಅಜ್ಜನ ಸಮಾಧಿ ಎಲ್ಲಿದೆ ಅಂತ ಹೊಲದೊಳಗೆ ಹೋಗಿ ಹುಡುಕಬೇಕು. ಸಮಾಧಿ ಅಲ್ಲಿ ದೊಡ್ಡ ಸಾಕ್ಷಿ. ಆಮೇಲೆ ಗೆಜೆಟ್‌ನಲ್ಲಿ ಪ್ರಕಟಣೆ. ಆಗ ಪಕ್ಕದೂರಿನವರು ಬಂದು 'ಅದೇ ಜಾಗ ನಮ್ಮದು' ಅಂತಾರೆ. ಊರಿನ ಮುಖ್ಯಸ್ಥ 'ನೆಲ ನನ್ನ ಹೆಸರಿಗೆ ಬರಬೇಕು' ಅಂತಾನೆ. ಈಗಿನ ಮಾಲೀಕ ಅರ್ಜಿಯೇ ಸರಿಯಿಲ್ಲ ಅಂತ ಕೋರ್ಟಿಗೆ ಹೋಗುತ್ತಾನೆ. ಇದೆಲ್ಲ ಮುಗಿದ ಮೇಲೆ ಬೆಲೆಯ ಜಗಳ. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಇಂಥವು ರಾಶಿ ಬಿದ್ದಿರುತ್ತವೆ.

ಬೆಲೆ ಅಂದರೆ ಎಷ್ಟು ಅಂತ ಒಂದು ಉದಾಹರಣೆ ಕೊಡುತ್ತೇನೆ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕ ಮಾಲಾ ಮಾಲಾ ಅಂತ ಐಷಾರಾಮಿ ವನ್ಯಧಾಮ ಇದೆ. ಅದರ ಮೇಲೆ ಒಂದು ಸಮುದಾಯದ ಅರ್ಜಿ ಇತ್ತು. ಬೆಲೆ ವಿಪರೀತ, ನೆಲವನ್ನೇ ಕೊಡುವುದು ಬೇಡ ಅಂತ 2012ರಲ್ಲಿ ಭೂ ನ್ಯಾಯಾಲಯ ಹೇಳಿತು. ಮೇಲ್ಮನವಿ ನಡೆಯುತ್ತಿರುವಾಗಲೇ, 2013ರಲ್ಲಿ, ಸರ್ಕಾರ 100 ಕೋಟಿ ರಾಂಡ್‌ಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. ಒಂದೇ ಒಂದು ಅರ್ಜಿಗೆ! ಇಡೀ ದೇಶದ ಬಜೆಟ್‌ನಲ್ಲಿ ಭೂ ಸುಧಾರಣೆಗೆ ಸಿಗುವುದು ಶೇ 0.4ಕ್ಕಿಂತ ಕಡಿಮೆ ಅಂತ ಮೊಟ್ಲಾಂಟೆ ಸಮಿತಿ ಹೇಳಿದ್ದನ್ನು ಇದರ ಪಕ್ಕ ಇಟ್ಟು ನೋಡಿ.

ನಿಮ್ಮ ವಾಟ್ಸಾಪ್ ಸಂದೇಶಕ್ಕೆ ಉತ್ತರವೂ ಇದರಲ್ಲೇ ಸಿಕ್ಕಿತು ಅಲ್ವಾ? ಪುಕ್ಕಟೆ ಕಿತ್ತುಕೊಳ್ಳುವುದಿರಲಿ, ಮಾರುಕಟ್ಟೆ ದರ ಕೊಟ್ಟು ಕೊಟ್ಟೇ ಸರ್ಕಾರದ ಕೈ ಬರಿದಾಗಿದೆ. ಪರಿಹಾರ 'ನ್ಯಾಯಯುತ' ಇರಬೇಕು, ಮಾರುಕಟ್ಟೆ ದರ ಅದರಲ್ಲಿ ಒಂದು ಅಂಶ ಮಾತ್ರ ಅಂತ ಸಂವಿಧಾನದ 25ನೇ ವಿಧಿ ಮೊದಲಿನಿಂದಲೂ ಹೇಳುತ್ತಿದೆ. ಸರ್ಕಾರವೇ ವರ್ಷಗಟ್ಟಲೆ ಆ ಅವಕಾಶ ಬಳಸಲಿಲ್ಲ. ಪರಿಹಾರವಿಲ್ಲದ ಸ್ವಾಧೀನಕ್ಕೆ ಅದೇ ವಿಧಿ ತಿದ್ದುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗದೆ ಬಿದ್ದುಹೋಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ರಾಮಫೋಸಾ ಹೊಸ ಭೂಸ್ವಾಧೀನ ಕಾಯ್ದೆಗೆ ಸಹಿ ಹಾಕಿದರು. ಪಾಳು ಬಿಟ್ಟ ನೆಲ, ಬರೀ ಬೆಲೆ ಏರಲಿ ಅಂತ ಇಟ್ಟುಕೊಂಡ ನೆಲ ಇಂಥ ಕೆಲವು ಸಂದರ್ಭಗಳಲ್ಲಿ ಶೂನ್ಯ ಪರಿಹಾರಕ್ಕೆ ಅದರಲ್ಲಿ ಅವಕಾಶ ಇದೆ. ಆಮೇಲೆ ಅಮೆರಿಕ ಸಿಟ್ಟಾಗಿ ನೆರವು ನಿಲ್ಲಿಸಿದ್ದು, ಗಲಾಟೆ ಎಲ್ಲ ನೀವು ಓದಿರಬಹುದು. ಇತ್ತ ಅರ್ಜಿದಾರರ ಸಾಲು ಇದ್ದಲ್ಲೇ ಇದೆ.

ನೆಲ ಸಿಕ್ಕಿದವರ ಪಾಡು ಏನಾಯಿತು? ಇದನ್ನೂ ಪ್ರಗತಿಯ ಲೆಕ್ಕಕ್ಕೆ ಸೇರಿಸಲೇಬೇಕು. ಕೇಪ್ ಭಾಗದ ಸಿಟ್ರಸ್‌ದಾಲ್ ಹತ್ತಿರ ಎಲಾಂಡ್ಸ್‌ಕ್ಲೂಫ್ ಅಂತ ಊರಿದೆ. ಚರ್ಚಿನ ಮಿಷನ್ ನೆಲದಲ್ಲಿ ತಲೆತಲಾಂತರದಿಂದ ಬದುಕಿದ್ದ ಜನ. 1960ರ ದಶಕದ ಆರಂಭದಲ್ಲಿ ಚರ್ಚೇ ನೆಲವನ್ನು ಬಿಳಿಯ ರೈತರಿಗೆ ಮಾರಿತು, ಇವರು ಬೀದಿಗೆ ಬಿದ್ದರು. 1996ರಲ್ಲಿ ಭೂ ನ್ಯಾಯಾಲಯದ ಮೂಲಕ ಇತ್ಯರ್ಥವಾದ ಮೊದಲ ಪ್ರಕರಣ ಇವರದ್ದೇ. ದೊಡ್ಡ ಸಂಭ್ರಮ ಆಯಿತು. ನೆಲ ಒಬ್ಬೊಬ್ಬರ ಹೆಸರಿಗಲ್ಲ, ಎಲ್ಲರೂ ಸೇರಿದ ಸಂಘದ ಹೆಸರಿಗೆ ಬಂತು. ಯಾರು ಸದಸ್ಯರು, ಯಾರು ತೋಟ ನೋಡಿಕೊಳ್ಳಬೇಕು, ಲೆಕ್ಕ ಎಲ್ಲಿ ಅಂತ ಜಗಳ ಶುರುವಾಯಿತು. ಸಾಲ ಇಲ್ಲ, ಮನೆ ಕಟ್ಟೋಕೆ ನೆರವು ಇಲ್ಲ, ಇಲಾಖೆಯವರು ಫೋಟೋ ತೆಗೆಸಿಕೊಂಡು ಹೋದವರು ತಿರುಗಿ ನೋಡಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಸಂಘಕ್ಕೆ ಆಡಳಿತಾಧಿಕಾರಿ ಹಾಕಬೇಕಾಯಿತು. ಕಡತದಲ್ಲಿ ಮಾತ್ರ ಇದು ಯಶಸ್ಸು.

ಎಲ್ಲ ಕಡೆ ಹೀಗಾಗಿಲ್ಲ. ಮಕುಲೆಕೆ ಜನರನ್ನು 1969ರಲ್ಲಿ ಕ್ರೂಗರ್ ಉದ್ಯಾನದ ಉತ್ತರ ತುದಿಯಿಂದ, ಲಿಂಪೊಪೊ ಮತ್ತು ಲುವುವು ನದಿಗಳ ನಡುವಿನ ನೆಲದಿಂದ ಓಡಿಸಿದ್ದರು. 1998ರಲ್ಲಿ ಸುಮಾರು 24 ಸಾವಿರ ಹೆಕ್ಟೇರ್ ವಾಪಸ್ ಸಿಕ್ಕಿತು. ಅವರು ಜಾಣರು. ಕಾಡು ಕಡಿಯದೆ ಅದನ್ನು ಉದ್ಯಾನದ ಭಾಗವಾಗಿಯೇ ಉಳಿಸಿಕೊಂಡರು. ಖಾಸಗಿಯವರಿಗೆ ಲಾಡ್ಜ್ ನಡೆಸಲು ಬಿಟ್ಟು ಆದಾಯದಲ್ಲಿ ಪಾಲು ಪಡೆದರು. ಮಾಲೀಕತ್ವ ಮಾತ್ರ ತಮ್ಮದೇ. ಅರ್ಜಿ ಹಾಕುವ ಮೊದಲೇ ಏನು ಮಾಡಬೇಕು ಅಂತ ಕೂತು ಮಾತಾಡಿಕೊಂಡ ಸಮುದಾಯ ಅದು. ಕಾನೂನು, ಪರಿಸರದ ತಿಳಿವಳಿಕೆ ಇದ್ದವರು ಜೊತೆಗಿದ್ದರು. ಎಲಾಂಡ್ಸ್‌ಕ್ಲೂಫ್‌ಗೆ ಆ ಭಾಗ್ಯ ಇರಲಿಲ್ಲ.

ಒಟ್ಟು ನೆಲದ ಲೆಕ್ಕ ಹೇಳಿಬಿಡುತ್ತೇನೆ. 2018ರ ಹೊತ್ತಿಗೆ ಮರಳಿಸಲು ಒಪ್ಪಿದ್ದು ಸುಮಾರು 35 ಲಕ್ಷ ಹೆಕ್ಟೇರ್, ಫಲಾನುಭವಿಗಳು 20 ಲಕ್ಷಕ್ಕೂ ಹೆಚ್ಚು. ನಮ್ಮ ಕರ್ನಾಟಕದ ವಿಸ್ತೀರ್ಣದ ಆರನೇ ಒಂದು ಪಾಲಿಗಿಂತ ತುಸು ಜಾಸ್ತಿ. ಕಡಿಮೆಯೇನಲ್ಲ. ಆದರೆ ಆ ದೇಶದ ಒಟ್ಟು ನೆಲ 12.2 ಕೋಟಿ ಹೆಕ್ಟೇರ್, ಅದರಲ್ಲಿ ಇದು ಶೇ 3ರಷ್ಟೂ ಇಲ್ಲ. ಅದರಲ್ಲೂ ಒಂದು ಭಾಗದ ಹಕ್ಕುಪತ್ರ ಇನ್ನೂ ಸರ್ಕಾರದ ಹೆಸರಲ್ಲೇ ಇದೆ.

ಇನ್ನು ಅಜ್ಜಿಯ ಸಾಲು ಹೇಗೆ ಹುಟ್ಟಿತು? ಗಡುವು ತಪ್ಪಿಸಿಕೊಂಡವರು ಲಕ್ಷಾಂತರ ಜನ ಇದ್ದರು. ಅವರಿಗಾಗಿ 2014ರಲ್ಲಿ ಕಾಯ್ದೆ ತಿದ್ದಿ ಇನ್ನೂ ಐದು ವರ್ಷ ಬಾಗಿಲು ತೆರೆದರು. ಚುನಾವಣೆ ಹತ್ತಿರ ಇತ್ತು ಅನ್ನುವುದನ್ನೂ ಹೇಳಬೇಕು. ಎರಡೇ ವರ್ಷದಲ್ಲಿ 1,60,000ಕ್ಕೂ ಹೆಚ್ಚು ಅರ್ಜಿ ಬಂದು ಬಿದ್ದವು. ಹದಿನೈದಿಪ್ಪತ್ತು ವರ್ಷದಿಂದ ಕಾದಿದ್ದ ಹಳಬರು ಗಾಬರಿಯಾದರು. ನಮಗೆ ಸಿಗಬೇಕಾದ ನೆಲದ ಮೇಲೆ ಹೊಸ ಅರ್ಜಿಗಳು ಬಂದರೆ ನಮ್ಮ ಗತಿ ಏನು ಅಂತ ಕೆಲವು ಸಮುದಾಯಗಳು ನ್ಯಾಯಾಲಯಕ್ಕೆ ಹೋದವು. ಮಸೂದೆಯನ್ನು ಮೇಲ್ಮನೆಯಲ್ಲಿ ಅವಸರವಾಗಿ ಪಾಸು ಮಾಡಿದ್ದೀರಿ, ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಿಲ್ಲ ಅಂತ ಹೇಳಿ 2016ರ ಜುಲೈ 28ರಂದು ಸಾಂವಿಧಾನಿಕ ನ್ಯಾಯಾಲಯ ತಿದ್ದುಪಡಿಯನ್ನು ಹೊಡೆದುಹಾಕಿತು. ಆ ದಿನದವರೆಗೆ ಬಂದ ಅರ್ಜಿಗಳನ್ನು ರದ್ದು ಮಾಡಲಿಲ್ಲ, ತಡೆಹಿಡಿಯಿತು. ಹೊಸ ಕಾನೂನು ತರಲು ಸಂಸತ್ತಿಗೆ 24 ತಿಂಗಳು ಕೊಟ್ಟಿತು, ಸಂಸತ್ತು ಅಷ್ಟರಲ್ಲಿ ಮಾಡಲಿಲ್ಲ. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ಅದೇ ತಡೆಯನ್ನು ಗಟ್ಟಿ ಮಾಡಿತು. ಹಳೇ ಅರ್ಜಿಗಳ ಸ್ಥಿತಿ ಏನು ಅಂತ ಆರು ತಿಂಗಳಿಗೊಮ್ಮೆ ಭೂ ನ್ಯಾಯಾಲಯಕ್ಕೆ ವರದಿ ಕೊಡಿ ಅಂತ ಆಯೋಗಕ್ಕೆ ಹೇಳಿತು. ನನ್ನ ಕೇಳಿದರೆ, ಸಚಿವರ ಭಾಷಣಕ್ಕಿಂತ ಆ ವರದಿ ಓದುವುದು ಮೇಲು.

ಈಗ ಅಜ್ಜಿ ಮಾಡಬಹುದಾದ ಕೆಲಸ. ಮೊದಲು, 1998ರೊಳಗೆ ಅವರ ತಂದೆಯೋ ಚಿಕ್ಕಪ್ಪನೋ ಅಣ್ಣನೋ ಅದೇ ಆಸ್ತಿಗೆ ಅರ್ಜಿ ಹಾಕಿದ್ದರಾ ಅಂತ ಡರ್ಬನ್ ಕಡೆಯ ಆಯೋಗದ ಪ್ರಾಂತೀಯ ಕಚೇರಿಯಲ್ಲಿ ವಿಚಾರಿಸಲಿ. ಭಾರತೀಯ ಕುಟುಂಬಗಳಲ್ಲಿ ಇದು ಆಗಾಗ ಆಗಿರುತ್ತದೆ, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಹಾಗಿದ್ದರೆ ನೇರ ವಂಶಸ್ಥರಾಗಿ ಆ ಹಳೇ ಅರ್ಜಿಯಲ್ಲೇ ಇವರ ಪಾಲೂ ಇರಬಹುದು, ಎರಡನೇ ಸಾಲಿನಲ್ಲಿ ಕಾಯುವುದೇ ಬೇಡ. ಇಲ್ಲದಿದ್ದರೂ, ಅದೇ ಜಾಗದ ಮೇಲೆ ಬೇರೆಯವರ ಹಳೇ ಅರ್ಜಿ ಕೋರ್ಟಿನಲ್ಲಿದ್ದರೆ, ಆಸಕ್ತ ಪಕ್ಷಗಾರರಾಗಿ ಇವರ ಮಾತು ಕೇಳಲು ನ್ಯಾಯಾಲಯಕ್ಕೆ ಅವಕಾಶ ಇದೆ.

2015ರ ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನ ಮಾಡಲಿ, ಅದರ ನಂಬರ್ ಮನೆಯವರೆಲ್ಲರಿಗೂ ಗೊತ್ತಿರಲಿ. ತಂದೆಯ ಹೆಸರಿನ ಹಳೇ ನೋಂದಣಿ ಪ್ರತಿಯನ್ನು ಪೀಟರ್‌ಮಾರಿಟ್ಸ್‌ಬರ್ಗ್‌ನ ಡೀಡ್ಸ್ ಕಚೇರಿಯಲ್ಲಿ ತೆಗೆಸಬಹುದು. ಎಬ್ಬಿಸುವಾಗ ಎಷ್ಟು ಪರಿಹಾರ ಕೊಟ್ಟಿದ್ದರು ಅನ್ನುವ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕಂದ್ರೆ ಹಣದ ಲೆಕ್ಕ ಅದರಿಂದಲೇ ಶುರುವಾಗುತ್ತದೆ. ಆಗಿನ ಬೆಲೆಯಲ್ಲಿ ಕೊಟ್ಟದ್ದನ್ನು ಕಳೆದು, ಉಳಿದದ್ದನ್ನು ಬೆಲೆ ಸೂಚ್ಯಂಕದ ಪ್ರಕಾರ ಇವತ್ತಿಗೆ ಏರಿಸುತ್ತಾರೆ. 2014ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಈ ಲೆಕ್ಕವನ್ನೇ ಒಪ್ಪಿದೆ. ಅಂದರೆ ಆ ಜಾಗದ ಇವತ್ತಿನ ಮಾರುಕಟ್ಟೆ ಬೆಲೆ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳುವುದು ಬೇಡ. ಅದೇ ತೋಟ ವಾಪಸ್ ಸಿಗುವುದೂ ಕಷ್ಟ. 1990ರ ದಶಕದಲ್ಲಿ ಕೇಟೋ ಮ್ಯಾನರ್‌ನಲ್ಲಿ ಬಡವರಿಗೆ ಮನೆ ಕಟ್ಟುವ ದೊಡ್ಡ ಯೋಜನೆ ಬಂತು. ಮೂಲ ನೆಲ ವಾಪಸ್ ಕೊಡದಂತೆ ಆದೇಶ ಕೇಳಿ ಅಲ್ಲಿನ ಆಡಳಿತವೇ ಭೂ ನ್ಯಾಯಾಲಯಕ್ಕೆ ಹೋಗಿತ್ತು.

ಕೊನೆಯದಾಗಿ, ಅಜ್ಜಿ ತಮ್ಮ ಮಕ್ಕಳ ಹೆಸರನ್ನು ಅರ್ಜಿಯ ಕುಟುಂಬ ವೃಕ್ಷದಲ್ಲಿ ಈಗಲೇ ಸೇರಿಸಲಿ, ತಮ್ಮ ನೆನಪಿನ ಮಾತನ್ನು ಅಫಿಡವಿಟ್ ಮಾಡಿಸಿಡಲಿ. ಮನೆ ಯಾವ ರಸ್ತೆಯಲ್ಲಿತ್ತು, ನೆರೆಹೊರೆ ಯಾರು, ತೋಟದಲ್ಲಿ ಏನು ಬೆಳೆಯುತ್ತಿದ್ದರು, ಯಾವ ದೇವಸ್ಥಾನಕ್ಕೆ ಹೋಗುತ್ತಿದ್ದರು, ಎಲ್ಲ. ಅಲ್ಲಿ ಪೊಲೀಸ್ ಠಾಣೆಯಲ್ಲೇ ಕಮಿಷನರ್ ಆಫ್ ಓತ್ಸ್, ಅಂದರೆ ಅಫಿಡವಿಟ್ ದೃಢೀಕರಿಸುವ ಅಧಿಕಾರಿ, ಸಹಿ ಹಾಕಿ ಮೊಹರು ಒತ್ತಿಕೊಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಗಳಿಗೆ ಒಂದು ದಿನ ರಜೆ ಸಿಕ್ಕಿದರೆ ಅಜ್ಜಿಯ ಜೊತೆ ಹೋಗಿಬರಲಿ.